ಹೋದ ಡಿಸೆಂಬರಿನ ಪ್ರಾಚೀನ ಕಟ್ಟ

ಪುತ್ತೂರು, ಜೂನ್ 1963

‘ಕಾಲುವೆ ದಂಡೆಯ ಸೈಕಲ್ ಯಾತ್ರೆ ಮತ್ತು ಐತಿಹಾಸಿಕ ಸ್ಥಳಗಳು’ ಎಂಬ ಪುಸ್ತಿಕೆಯನ್ನು ಬರೆದವರೂ, ಅದರಲ್ಲಿರುವ ಸ್ಥಳಗಳಲ್ಲೆಲ್ಲ ಫಲಕ ನೆಡಿಸಿದವರೂ, ನೆಡಿಸಿದಲ್ಲಿಗೆ ಮತ್ತೆ ಬಾರದವರೂ ಆದ ಸ್ಮಾರಕ ಸಂರಕ್ಷಣೆಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಕಚೇರಿಯ ಮಾಡು ಸೋರದಿರಲಿ, ಮೇಜಿನ ಕಾಲುಗಳು ಒಣಗಿರಲಿ, ಕುರ್ಚಿಯ ಕೆಳಗೆ ನೀರು ಹರಿಯದಿರಲಿ ಎಂದು ಹಾರೈಸುತ್ತೇನೆ. ಹಾರೈಕೆ ವಿಚಿತ್ರವಾಗಿ ಕಂಡರೆ ಸ್ವಲ್ಪ ತಾಳಿಕೊಳ್ಳಬೇಕು.

ಅರಂತೋಡಿನ ಹತ್ತಿರದ ಹೊಳೆಬದಿಯಲ್ಲಿ ವಾಸವಾಗಿರುವ ಆಸ್ಯಮ್ಮ ಎಂಬ ವಿಧವೆಗೆ ತಮ್ಮ ಕಚೇರಿಯಿಂದ ಒಂದು ನೋಟೀಸು ಹೋಗಿದೆ. ಮುನ್ನೂರು ವರ್ಷ ಹಳೆಯ ಅಣೆಕಟ್ಟನ್ನು ಕೆಡವಿದ್ದಕ್ಕಾಗಿ ತನ್ನ ಮೇಲೆ ಕೇಸು ಏಕೆ ಹಾಕಬಾರದು ಎಂಬುದಕ್ಕೆ ಆಕೆ ಕಾರಣ ಕೊಡಬೇಕಂತೆ. ಆಕೆಗೆ ಓದು ಬಾರದು. ಕೆಡವಿದ ದಿನ ತಮ್ಮ ಪುಸ್ತಿಕೆಯನ್ನು ಕೈಯಲ್ಲಿ ಹಿಡಿದು ಅಲ್ಲಿ ನಿಂತಿದ್ದ ಏಕೈಕ ಪ್ರವಾಸಿ ನಾನು. ಬಹುಶಃ ಆ ಪುಸ್ತಿಕೆಯ ಏಕೈಕ ಓದುಗನೂ ನಾನೇ. ಹೀಗಾಗಿ ಕಾರಣ ಕೊಡುವ ಗೌರವ ನನ್ನ ಪಾಲಿಗೆ ಬಂದಿದೆ.

ಮೊದಲಿಗೆ ಪುಸ್ತಿಕೆಗೆ ಒಂದು ನಮಸ್ಕಾರ. ನಲವತ್ತು ದಾಟಿ, ಸಂಸಾರ ಹೂಡದೆ, ಭಾನುವಾರಗಳನ್ನು ಏನು ಮಾಡುವುದೆಂದು ತಿಳಿಯದೆ ಪುತ್ತೂರಿನ ಒಂದು ಬಾಡಿಗೆ ಕೋಣೆಯಲ್ಲಿ ಕೂತವನಿಗೆ ಅದು ದೊಡ್ಡ ಉಪಕಾರ ಮಾಡಿತು. ಒಂದು ವಯಸ್ಸಿನ ನಂತರ, ನಮಗಿಂತ ಹಳೆಯದಾದ ಮತ್ತು ನಮ್ಮನ್ನು ಏನೂ ಕೇಳದ ವಸ್ತುಗಳ ಸಹವಾಸ ಬೇಕೆನಿಸುತ್ತದೆ. ಈ ವಿಷಯದಲ್ಲಿ ಕಲ್ಲುಗಳು ನೆಂಟರಿಗಿಂತ ಎಷ್ಟೋ ವಾಸಿ. ಹಾಗಾಗಿ ಮೇ ತಿಂಗಳ ಕೊನೆಯ ಭಾನುವಾರ ಅದ್ದುವಿನ ಅಂಗಡಿಯಿಂದ ಒಂದು ಸೈಕಲನ್ನು ಬಾಡಿಗೆಗೆ ತೆಗೆದುಕೊಂಡು ಹೊರಟೆ. “ಬ್ರೇಕ್ ಉಂಟು ಮಾರಾಯ್ರೆ, ಆದರೆ ಅದನ್ನು ನಂಬಿಕೊಂಡು ಹೋಗ್ಬೇಡಿ” ಎಂದು ಅದ್ದು ಹೇಳಿದ. ತಮ್ಮ ಪುಸ್ತಿಕೆಗೂ ಇಂಥದೊಂದು ಮುನ್ನುಡಿ ಇದ್ದಿದ್ದರೆ ಚೆನ್ನಾಗಿತ್ತು.

“ಸಮತಟ್ಟಾದ ಕಾಲುವೆ ದಂಡೆಯ ಮೇಲೆ ಆಯಾಸವಿಲ್ಲದ ಸವಾರಿ” ಎಂದು ತಾವು ಬರೆದಿದ್ದೀರಿ. ಪುತ್ತೂರಿಗೂ ಸುಳ್ಯಕ್ಕೂ ನಡುವೆ ಇರುವ ಗುಡ್ಡಗಳನ್ನು ತಮ್ಮ ನಕ್ಷೆ ಉದಾರ ಮನಸ್ಸಿನಿಂದ ಕ್ಷಮಿಸಿಬಿಟ್ಟಿದೆ. ನನಗೆ ಅಷ್ಟು ಉದಾರತೆ ಇಲ್ಲದ್ದರಿಂದ ಸೈಕಲನ್ನು ಬಸ್ಸಿನ ಮೇಲೆ ಹಾಕಿಸಿ, ಒಳಗೆ ಕೂತು ಅರಂತೋಡಿನವರೆಗೆ ಸೈಕಲ್ ಯಾತ್ರೆ ಮಾಡಿದೆ. ಅಲ್ಲಿಂದ ಮುಂದೆ ತಮ್ಮ ಕಾಲುವೆ ಸಿಕ್ಕಿತು. ಊರಿನವರು ತೋಡು ಎನ್ನುವ, ಒಂದು ಎಮ್ಮೆ ಅಡ್ಡ ಮಲಗಿದರೆ ನಿಂತುಹೋಗುವ ನೀರಿನ ದಾರಿಗೆ ತಾವು ಕಾಲುವೆಯೆಂದು ಬಡ್ತಿ ಕೊಟ್ಟದ್ದನ್ನು ಕಂಡು ಸಂತೋಷವಾಯಿತು. ಅದರ ದಂಡೆ ಒಂದು ಪಾದದಷ್ಟು ಅಗಲ. ಎಡಕ್ಕೆ ಬಿದ್ದರೆ ನೀರು, ಬಲಕ್ಕೆ ಬಿದ್ದರೆ ಗದ್ದೆ. ನಾನು ಪಕ್ಷಪಾತವಿಲ್ಲದೆ ಎರಡೂ ಕಡೆ ಬಿದ್ದೆ.

ಪುಸ್ತಿಕೆಯಲ್ಲಿರುವ ಮೊದಲನೆಯ ಐತಿಹಾಸಿಕ ಸ್ಥಳ “ಶಿಥಿಲವಾದ ಕೋಟೆಯ ಕಂದಕ.” ಅಲ್ಲಿ ಇಬ್ಬರು ಕೆಂಪುಕಲ್ಲು ಕಡಿಯುತ್ತಿದ್ದರು. ತಮ್ಮ ಫಲಕದ ಮೇಲೆ ಅವರ ಅಂಗಿಗಳು ಒಣಗುತ್ತಿದ್ದವು. “ಎಂತ ಸ್ವಾಮಿ, ಕೋಟೆ ನೋಡ್ಲಿಕ್ಕಾ?” ಎಂದ ಒಬ್ಬ. “ಈ ಬದಿ ಇನ್ನೂ ಸ್ವಲ್ಪ ಕಡೀಲಿಕ್ಕೆ ಉಂಟು. ದೀಪಾವಳಿಗೆ ಬನ್ನಿ, ಕೋಟೆ ಇನ್ನೂ ದೊಡ್ಡದಾಗಿರ್ತದೆ.” ಹಾಳಾಗುತ್ತಾ ಹೋದಂತೆ ಬೆಳೆಯುವ ಕೋಟೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಇದನ್ನು ಕಂಡುಹಿಡಿದ ಕೀರ್ತಿ ತಮ್ಮದೇ.

ಎರಡನೆಯದು ಅಣೆಕಟ್ಟು. “ಅರಸರ ಕಾಲದ, ಮುನ್ನೂರು ವರ್ಷಗಳಿಂದ ಅಲುಗಾಡದೆ ನಿಂತಿರುವ ಈ ಕಟ್ಟದ ಮೇಲೆ ಸೈಕಲ್ ಸವಾರರು ಹೊಳೆ ದಾಟಬಹುದು. ನಡುವೆ ಒಂದು ಶಾಸನವಿದ್ದು, ಕಾಲನ ಹೊಡೆತಕ್ಕೆ ಅದರ ಅಕ್ಷರಗಳು ಸವೆದಿವೆ.” ಈ ವಾಕ್ಯಗಳನ್ನು ಓದಿದಾಗ ನನಗೆ ನಿಜಕ್ಕೂ ರೋಮಾಂಚನವಾಗಿತ್ತು. ಆದ್ದರಿಂದ ಇನ್ನು ಮುಂದಿನದನ್ನು ಬರೆಯಲು ಸಂಕೋಚವಾಗುತ್ತಿದೆ.

ಮಾನ್ಯರೇ, ಈ ಕಡೆ ಕಟ್ಟವೆಂದರೆ ಕಲ್ಲು, ಮಣ್ಣು, ಸೊಪ್ಪುಗಳಿಂದ ಹೊಳೆಗೆ ಅಡ್ಡಲಾಗಿ ಊರವರೇ ಹಾಕುವ ಒಡ್ಡು. ಡಿಸೆಂಬರಿನಲ್ಲಿ ಹಾಕುತ್ತಾರೆ, ನೀರು ಮೇಲೇರಿ ತೋಡಿಗೆ ಹರಿಯುತ್ತದೆ, ಗದ್ದೆಗಳು ಬದುಕುತ್ತವೆ. ಮಳೆಗಾಲಕ್ಕೆ ಮುಂಚೆ ಅದನ್ನು ಬಿಡಿಸುತ್ತಾರೆ. ನೀರು ಪಡೆಯುವ ಪ್ರತಿಯೊಂದು ಮನೆಯೂ ಒಂದು ದೊಡ್ಡ ಕಲ್ಲನ್ನು ಕೊಡಬೇಕು. ಬಿಡಿಸುವಾಗ ತನ್ನ ಕಲ್ಲನ್ನು ತಾನೇ ಕೊಂಡುಹೋಗಬೇಕು. ಯಾರ ಅಂಗಳಕ್ಕೆ ನೀರು ಮೊದಲು ಏರುತ್ತದೆಯೋ ಅವರು ಮೊದಲ ಕಲ್ಲು ತೆಗೆಯಬೇಕು. ತಾವು ಜನವರಿಯಲ್ಲಿ ಬಂದಿರಿ. ತಾವು ಕಂಡ ಸ್ಮಾರಕಕ್ಕೆ ಆಗ ಒಂದು ತಿಂಗಳು ತುಂಬಿತ್ತು.

ತಪ್ಪು ತಮ್ಮದೊಂದೇ ಎಂದರೆ ಅನ್ಯಾಯವಾದೀತು. ಪ್ಯಾಂಟು ಹಾಕಿದ ಅಧಿಕಾರಿಯೊಬ್ಬರು ಟೇಪು ಹಿಡಿದು ಕಟ್ಟ ಅಳೆಯುವುದನ್ನು ಕಂಡ ಊರವರು, ಸರ್ಕಾರ ಕಡೆಗೂ ಸಿಮೆಂಟಿನ ಕಟ್ಟ ಮಂಜೂರು ಮಾಡಲಿಕ್ಕೆ ಬಂದಿದೆಯೆಂದು ತಿಳಿದರು. ಹೊಸದೆಂದು ಹೇಳಿದರೆ ಸಿಮೆಂಟು ಯಾಕೆ ಎಂದು ಕೇಳುವುದಿಲ್ಲವೇ? ಅದಕ್ಕೇ ಗದ್ದೆಯ ಯಜಮಾನ ಚನಿಯಪ್ಪ ಗೌಡರು ತಮ್ಮ ಅಜ್ಜನ ಕಾಲದ್ದು ಎಂದರು. ಹೊಳೆಯಾಚೆ ಅಂಗಡಿ ಇಟ್ಟಿರುವ ಪೋಕರ್ ಬ್ಯಾರಿ ತಾನೇನು ಕಡಿಮೆ ಎಂದು ಅಜ್ಜನ ಅಜ್ಜನ ಕಾಲಕ್ಕೆ ಹೋದರು. ಹೀಗೆ ಇಬ್ಬರೂ ಪೈಪೋಟಿಯಿಂದ ಹಿಂದೆ ಹಿಂದೆ ಹೋಗಿ ಅರಸರ ಕಾಲ ಮುಟ್ಟಿದಾಗ ತಾವು ಟೇಪು ಸುತ್ತಿಕೊಂಡು ಹೊರಟಿರಂತೆ. ಸಿಮೆಂಟು ಬರಲಿಲ್ಲ. ಫಲಕ ಬಂತು: “ಸಂರಕ್ಷಿತ ಸ್ಮಾರಕ. ಒಂದು ಕಲ್ಲನ್ನಾಗಲಿ ಒಂದು ಹಿಡಿ ಮಣ್ಣನ್ನಾಗಲಿ ಕದಲಿಸಿದವರು ಶಿಕ್ಷೆಗೆ ಗುರಿಯಾಗುವರು.”

ನಾನು ತಲುಪಿದಾಗ ಇಡೀ ಊರು ಆ ಫಲಕದ ಮುಂದೆ ಕೂತಿತ್ತು. ಕೊಡಗಿನ ಕಡೆ ಆಕಾಶ ಕಪ್ಪಾಗಿತ್ತು, ಹೊಳೆ ಆಗಲೇ ಕೆಂಪಾಗಿ ಏರುತ್ತಿತ್ತು. ಕಟ್ಟ ಬಿಡಿಸಲು ಅಪ್ಪಣೆ ಕೇಳಿ ಅವರು ಬರೆದುಕೊಂಡ ಅರ್ಜಿಗೆ ತಮ್ಮ ಉತ್ತರ ಬಂದಿತ್ತು: “ಮಳೆಗಾಲ ಮುಗಿದ ನಂತರ ಸ್ಥಳ ಪರಿಶೀಲಿಸಲಾಗುವುದು.” ಆಸ್ಯಮ್ಮನ ಮಣ್ಣಿನ ಮನೆ ಕಟ್ಟದ ಮೇಲ್ಗಡೆ, ದಂಡೆಗೆ ತಾಗಿಕೊಂಡು ಇದೆ. ನೀರು ಅಂಗಳಕ್ಕೆ ಬಂದಾಗಿತ್ತು. ಅವರ ಮಗಳು ಪಾತು ಅಕ್ಕಿಯ ಮುಡಿಯನ್ನು ಅಟ್ಟಕ್ಕೇರಿಸುತ್ತಿದ್ದಳು.

“ನೀವು ಅರಸರ ಕಾಲ ಅಂತ ಹೇಳದಿದ್ರೆ ಆಗ್ತಿರ್ಲಿಲ್ವಾ ಬ್ಯಾರಿಗಳೆ?” ಎಂದು ಚನಿಯಪ್ಪ ಗೌಡರು ಕೇಳಿದರು.

“ಅಜ್ಜನನ್ನು ಮೊದಲು ಎಬ್ಬಿಸಿದ್ದು ಯಾರು ಗೌಡ್ರೆ?” ಎಂದರು ಪೋಕರ್.

ಸಭೆ ಈ ಮಟ್ಟದಲ್ಲಿ ನಡೆಯುತ್ತಿರುವಾಗ, ನನ್ನ ಕೈಯಲ್ಲಿ ಪುಸ್ತಿಕೆಯನ್ನು ಕಂಡು ಎಲ್ಲರೂ ನನ್ನನ್ನೇ ಸರ್ಕಾರವೆಂದು ತಿಳಿದು ಎದ್ದುನಿಂತರು. ನನಗೆ ನಾಚಿಕೆಯಾಯಿತು. ಸರ್ಕಾರವಲ್ಲವೆಂದು ಗೊತ್ತಾದ ಮೇಲೆ ಅವರು ಕೂತುಕೊಂಡ ರೀತಿ ನೋಡಿ ಇನ್ನಷ್ಟು ನಾಚಿಕೆಯಾಯಿತು.

ಆಗ ಆಸ್ಯಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಹಾರೆ ಹಿಡಿದು ಬಂದರು. ಯಾರನ್ನೂ ನೋಡಲಿಲ್ಲ. ಕಟ್ಟದ ಮೇಲೆ ನಡೆದು ನಡುವಿನ ಕಂಡಿಗೆ ಅಡ್ಡವಾಗಿ ನಿಲ್ಲಿಸಿದ್ದ ಕಲ್ಲಿನ ಹತ್ತಿರ ನಿಂತರು. ತಾವು ಪುಸ್ತಿಕೆಯಲ್ಲಿ ಬರೆದ ಶಾಸನ ಅದೇ.

“ಆಸ್ಯಮ್ಮ, ಬೋರ್ಡು ಉಂಟಲ್ಲ!” ಎಂದು ಪೋಕರ್ ಕೂಗಿದರು.

“ಬೋರ್ಡಿಗೆ ನಾನು ಎಂತ ಮಾಡಿದ್ದು?” ಎಂದರು ಆಸ್ಯಮ್ಮ. “ಇದು ನನ್ನ ಅತ್ತೆ ಕತ್ತಿ ಮಸೆಯುತ್ತಿದ್ದ ಕಲ್ಲು. ಮೀನು ಕೊಯ್ಯುವ ಕತ್ತಿ ಕಟ್ಟ ಹಾಕಿದಂದಿನಿಂದ ಮೊಂಡಾಗಿ ಕೂತಿದೆ. ನನ್ನ ಕಲ್ಲು ನಾನು ಕೊಂಡೋಗುದು. ಉಳಿದದ್ದನ್ನೆಲ್ಲ ಸರ್ಕಾರವೇ ಇಟ್ಟುಕೊಳ್ಳಲಿ.”

ಹಾರೆ ಕೊಟ್ಟು ಮೀಟಿದರು. ಚನಿಯಪ್ಪ ಗೌಡರು ಶಿಕ್ಷೆಯ ಮಾತನ್ನು ಮರೆತು ನೀರಿಗಿಳಿದು ಇನ್ನೊಂದು ಬದಿ ಹಿಡಿದರು. ಕಲ್ಲು ದಡ ಸೇರಿತು. ಸ್ಮಾರಕವನ್ನು ಯಾರೂ ಮುಟ್ಟಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ; ಒಬ್ಬ ಹೆಂಗಸು ಎರವಲು ಕೊಟ್ಟದ್ದನ್ನು ವಾಪಸು ಒಯ್ದರು, ಅಷ್ಟೆ. ಮಿಕ್ಕದ್ದನ್ನು ನೀರು ಮಾಡಿತು. ನೀರು ತಮ್ಮ ಫಲಕವನ್ನು ಓದಲಿಲ್ಲ, ಹೊತ್ತುಕೊಂಡು ಹೋಯಿತು. ಆಸ್ಯಮ್ಮನ ಅಂಗಳದಿಂದ ಹೊಳೆ ನಿಧಾನವಾಗಿ, ಮರ್ಯಾದಸ್ಥ ನೆಂಟರ ಹಾಗೆ, ಹಿಂದಕ್ಕೆ ಹೋಯಿತು.

ನಾನು ತುಂಬಾ ಹೊತ್ತು ಆ ಬರಿದಾದ ಜಾಗವನ್ನು ನೋಡುತ್ತಾ ನಿಂತೆ. ಹಳೆಯದನ್ನು ನೋಡಬೇಕೆಂದು ಹೊರಟವನಿಗೆ ನೋಡಲಿಕ್ಕೆ ಏನೂ ಉಳಿದಿರಲಿಲ್ಲ. ಆದರೂ ಮೋಸಹೋದೆನೆಂದು ಅನಿಸಲಿಲ್ಲ. ಯಾಕೆಂದು ನನಗೆ ಈಗಲೂ ಸರಿಯಾಗಿ ಹೇಳಲಾಗುವುದಿಲ್ಲ. ಪ್ರತಿ ವರ್ಷ ಹೋಗಿ ಪ್ರತಿ ವರ್ಷ ಬರುವಂಥದ್ದಕ್ಕೆ ವಯಸ್ಸು ಎಷ್ಟೆಂದು ತಮ್ಮ ಟೇಪಿನಿಂದ ಅಳೆಯಲಾಗುತ್ತದೆಯೇ, ಒಮ್ಮೆ ನೋಡಿ.

ಈಗ ನನ್ನ ಬಿನ್ನಹ. ಕೇಸು ಹಾಕಲೇಬೇಕೆಂದಿದ್ದರೆ ಒಂದನೇ ಆರೋಪಿಯಾಗಿ ಕೊಡಗಿನ ಮಳೆಯನ್ನೂ ಎರಡನೇ ಆರೋಪಿಯಾಗಿ ಹೊಳೆಯನ್ನೂ ಸೇರಿಸಿ, ಇಬ್ಬರಿಗೂ ಸಮನ್ಸು ಕಳಿಸಬೇಕು. ಪರಿಶೀಲನೆ ಮುಗಿಯುವವರೆಗೆ ಬರಬಾರದೆಂದು ಮಳೆಗೆ ತಾಕೀತು ಮಾಡಬೇಕು. ಮುನ್ನೂರು ವರ್ಷದ ಹಿಂದೆ ಈ ಕಟ್ಟವನ್ನು ಕಟ್ಟಿದವರೆಲ್ಲ ಅದೃಷ್ಟವಶಾತ್ ಆರೋಗ್ಯವಾಗಿದ್ದಾರೆ. ಸಾಕ್ಷಿ ನುಡಿಯಲು ಬರುತ್ತಾರೆ, ಬಸ್ಸಿನ ಖರ್ಚು ಕೊಟ್ಟರೆ.

ಇಷ್ಟೆಲ್ಲ ಕಷ್ಟವೆನಿಸಿದರೆ ಇನ್ನೊಂದು ದಾರಿ ಇದೆ. ನೋಟೀಸನ್ನು ಹಿಂತೆಗೆದುಕೊಳ್ಳಬಹುದು. ಯಾಕೆಂದರೆ ಡಿಸೆಂಬರಿನಲ್ಲಿ ಊರವರು ಮತ್ತೆ ಕಟ್ಟ ಹಾಕಬೇಕು, ನಡುವಿನ ಕಂಡಿಗೆ ಸರಿಹೊಂದುವ ಕಲ್ಲು ಅದೊಂದೇ. ನೋಟೀಸನ್ನು ಓದಿ ಹೇಳಿದಾಗ ಆಸ್ಯಮ್ಮ ಹೀಗೆಂದರಂತೆ: “ಕೇಸು ಇರುವಷ್ಟು ದಿನ ಕಲ್ಲು ನನ್ನ ಹಿತ್ತಿಲಲ್ಲೇ.” ಕಲ್ಲಿಲ್ಲದೆ ಕಟ್ಟವಿಲ್ಲ. ಕಟ್ಟವಿಲ್ಲದೆ ಗದ್ದೆಗೆ ನೀರಿಲ್ಲ, ತಮಗೆ ಸ್ಮಾರಕವೂ ಇಲ್ಲ. ಅದನ್ನು ಸಂರಕ್ಷಿಸುವ ಬೇರೆ ಉಪಾಯ ನನಗಂತೂ ತೋಚುತ್ತಿಲ್ಲ.

ಬಟ್ಟೆ ಇನ್ನೂ ಒಣಗದ,
ತಮ್ಮ ವಿಶ್ವಾಸಿ,
ಪರಮೇಶ್ವರ

ಮರೆತ ಮಾತು: ತಮ್ಮ ಫಲಕ ಸಿಕ್ಕಿದೆ. ಕೆಳಗಿನ ಊರಿನವರು ಅದನ್ನು ತೋಡಿಗೆ ಅಡ್ಡ ಹಾಕಿ ದಾಟುತ್ತಿದ್ದಾರೆ. ಅಕ್ಷರಗಳು ಉಬ್ಬಿರುವುದರಿಂದ ಕಾಲು ಜಾರುವುದಿಲ್ಲವಂತೆ. ಇನ್ನು, ಆಸ್ಯಮ್ಮನ ಹಿತ್ತಿಲಲ್ಲಿರುವ ಶಾಸನವನ್ನು ಓದಲು ತಾವು ಬರುವುದಾದರೆ ಬೆಳಿಗ್ಗೆ ಮೀನು ಬರುವ ಹೊತ್ತಿಗೆ ಬನ್ನಿ. ಆಸ್ಯಮ್ಮ ಕತ್ತಿಯಿಂದ ಅದರ ಮೇಲೆ ದಿನವೂ ಎರಡು ಸಾಲು ಹೊಸದಾಗಿ ಬರೆಯುತ್ತಾರೆ.