ನಮ್ಮ ಮನೆಯ ಗಡಿಠಾಣೆ

ಮೂವತ್ತು ವರ್ಷ ಗಡಿಠಾಣೆಯಲ್ಲಿ ಕಾಗದಪತ್ರ ನೋಡಿ ನಿವೃತ್ತನಾದವನು ನಾನು. ದಾಖಲೆಯಿಲ್ಲದ ಒಂದು ಕುರಿಯೂ ಈ ಶಾರ್ಶೆನನ ಕಣ್ಣು ತಪ್ಪಿಸಿ ಚೀನಾದಿಂದ ನಮ್ಮ ನರಿನ್ ಸೀಮೆಗೆ ದಾಟಿದ್ದಿಲ್ಲ! ಅಂಥವನು ಸ್ವಂತ ಮನೆಯ ಕಂಪ್ಯೂಟರನ್ನು ಕಳ್ಳರಿಗೆ ಬಿಟ್ಟುಕೊಡುವುದುಂಟೇ? ಆ ಶನಿವಾರ ಬೆಳಿಗ್ಗೆ, ಹೆಂಡತಿ ಬುರುಲ್ ಹಸು ಕರೆಯಲು ಹೋದಾಗ, ಅದಕ್ಕೊಂದು ಫೈರ್‌ವಾಲ್ ಹಾಕಿ ಕಾವಲಿಗೆ ಕುಳಿತೆ.

ಯಾವ ಪ್ರೋಗ್ರಾಮ್ ತಲೆಯೆತ್ತಿದರೂ ಸ್ಕ್ರೀನಿನಲ್ಲಿ ಪ್ರಶ್ನೆ: ‘ಯಾವಾಗಲೂ ಬಿಡಲೇ? ಈ ಸಲಕ್ಕೆ ಮಾತ್ರ ಬಿಡಲೇ? ತಡೆಯಲೇ?’

ತಡೆದೆ. ಎಲ್ಲರನ್ನೂ ತಡೆದೆ. ಒಬ್ಬ ಮಾತ್ರ ಹಟಮಾರಿ. ವಿಳಾಸ 127.0.0.1. ಅವನು ಬಂದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಗಂಟೆ, ನಿಮಿಷ ಬರೆದುಕೊಂಡೆ.

ಹಾಲಿನ ಪಾತ್ರೆ ಇಳಿಸಿ ಬುರುಲ್ ಅದೇ ಕಂಪ್ಯೂಟರಿಗೆ ಜೋಡಿಸಿದ್ದ ಕಸೂತಿ ಯಂತ್ರದ ಮುಂದೆ ಕೂತಳು. ಅವಳ ಗೆಳತಿ ಸಾಯ್ರಾಳ ಮನೆಗೆ ಅವತ್ತು ಸಂಜೆ ಸೊಸೆ ಬರುವವಳಿದ್ದಳು. ನಮ್ಮ ಪದ್ಧತಿಯಂತೆ, ಬಂದ ಸೊಸೆಯನ್ನು ಕೂರಿಸುವುದು ಬುರುಲ್ ತಿಂಗಳಿಡೀ ಕಸೂತಿ ಹಾಕಿದ ಪರದೆಯ ಹಿಂದೆ. ಉಳಿದಿದ್ದು ಮೂಲೆಯ ಟಗರಿನ ಎಡಗೊಂಬು ಮಾತ್ರ.

“ರೀ, ಯಂತ್ರಕ್ಕೆ ಚಿತ್ರವೇ ಹೋಗ್ತಿಲ್ಲ!”

“ಯಂತ್ರಕ್ಕೆ ವಯಸ್ಸಾಯ್ತು ಕಣೇ.”

“ನಿಮಗಿಂತ ಚಿಕ್ಕದು ಅದು!”

ಸೂಜಿ ಬದಲಿಸಿದಳು. ಎಣ್ಣೆ ಬಿಟ್ಟಳು. ತಲೆಗೆರಡು ಏಟೂ ಹಾಕಿದಳು, ಯಂತ್ರದ ತಲೆಗೆ. ಕೊನೆಗೆ ಕಿಟಕಿಯ ಬೆಳಕಿಗೆ ಹೋಗಿ ಕೈಯಲ್ಲೇ ಹೊಲಿಯತೊಡಗಿದಳು. ಒಂದು ಹೊಲಿಗೆ ಹಾಕಿ ಎರಡು ಬಿಚ್ಚುತ್ತಿದ್ದಳು. ನೋಡಲಾಗದೆ ನಾನು ಸ್ಕ್ರೀನಿನತ್ತ ತಿರುಗಿ ಆ ಹಟಮಾರಿಯನ್ನು ಇನ್ನೊಮ್ಮೆ ತಡೆದೆ. ನಲವತ್ಮೂರನೆಯ ಸಲ!

ಮಧ್ಯಾಹ್ನ ಸಾಯ್ರಾ ಬಂದೇಬಿಟ್ಟಳು. ದೂರವಾಣಿ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸು, ಮಾತು ನೇರ.

“ಕೂರಲ್ಲ ಬುರುಲ್, ಮನೇಲಿ ಕುರಿ ಬೇಯ್ತಿದೆ. ಪರದೆ ಕೊಡು, ಹೋಗ್ತೀನಿ. ಅಯ್ಯೋ, ಇದೇನು, ಒಂಟಿಕೊಂಬಿನ ಟಗರು? ನನ್ನ ಬೀಗರು ನಗಲ್ವಾ?”

ಬುರುಲ್ ಕಣ್ಣಲ್ಲಿ ನೀರು.

ಅದೆಂಥ ಅವಸರವಿದ್ದರೂ ಬಂದವರು ರೊಟ್ಟಿ ಬಾಯಿಗಿಡದೆ ನಮ್ಮ ಹೊಸ್ತಿಲು ದಾಟುವಂತಿಲ್ಲ. ಸಾಯ್ರಾ ಮೇಜಿಗೆ ಬಂದು ತುಣುಕು ಮುರಿದಳು. ಪಕ್ಕದಲ್ಲೇ ನನ್ನ ನೋಟ್‌ಬುಕ್ ತೆರೆದಿತ್ತು.

“ಇದೇನಣ್ಣ?”

“ಕಳ್ಳ!” ಎಂದೆ, ಎದೆಯುಬ್ಬಿಸಿ. “ಬೆಳಿಗ್ಗೆಯಿಂದ ನುಗ್ಗೋಕೆ ನೋಡ್ತಿದಾನೆ. ಒಂದು ಸಲವೂ ಬಿಟ್ಟಿಲ್ಲ.”

ಸಾಯ್ರಾ ಅಗಿಯುವುದನ್ನು ನಿಲ್ಲಿಸಿದಳು. “ಇದು ಈ ಕಂಪ್ಯೂಟರಿನದೇ ವಿಳಾಸ. ಚಿತ್ರ ಬಿಡಿಸೋ ಪ್ರೋಗ್ರಾಮು, ಯಂತ್ರಕ್ಕೆ ಕಳಿಸೋ ಪ್ರೋಗ್ರಾಮನ್ನ ಕರೀತಿದೆ. ಎರಡೂ ಒಂದೇ ಮನೆಯವು. ಅಡುಗೆಮನೆಯಿಂದ ನಡುಮನೆಗೆ ಬರೋರನ್ನ ತಡೆದು ಪಾಸ್‌ಪೋರ್ಟ್ ಕೇಳಿದೀಯ!”

ಅವಳೇ ಕೂತು ಆ ಎರಡಕ್ಕೂ ‘ಯಾವಾಗಲೂ ಬಿಡು’ ಎಂದು ಒತ್ತಿದಳು. ಯಂತ್ರ ತಕ್ಷಣ ಟಕಟಕ ಎಂದಿತು. ಹತ್ತು ನಿಮಿಷದಲ್ಲಿ ಟಗರಿಗೆ ಎಡಗೊಂಬು ಸುರುಳಿಯಾಗಿ ಮೂಡಿತು. ಬುರುಲ್ ಅದರ ಮೇಲೆ ಅಂಗೈಯಾಡಿಸಿ, ನನ್ನನ್ನು ನೋಡಿದಳು. ಬಯ್ಯಲಿಲ್ಲ. ಅದಕ್ಕೇ ಭಯವಾಯಿತು.

ಪರದೆಯನ್ನು ಹೊತ್ತು ಸಾಯ್ರಾಳ ಕಾರಿನಲ್ಲಿಟ್ಟು, ಮರಳಿ ಬಂದರೆ ಬಾಗಿಲಿಗೆ ಅಡ್ಡವಾಗಿ ಬುರುಲ್ ನಿಂತಿದ್ದಳು. ಕೈಯಲ್ಲಿ ನನ್ನ ನೋಟ್‌ಬುಕ್.

“ಯಾರು?”

“ನಾನು ಕಣೇ!”

“ಎಲ್ಲಿಯವರು?”

“ಇದೇ ಮನೆಯವನು.”

“ಇದೇ ಮನೆಯವನು ಬೆಳಿಗ್ಗೆಯಿಂದ ನಲವತ್ಮೂರು ಸಲ ಬಂದಿದ್ದ. ನಿಮ್ಮ ಅಕ್ಷರದಲ್ಲೇ ಇದೆ. ಒಂದು ಸಲವೂ ಬಿಟ್ಟಿಲ್ಲ.”

ಗಾಳಿ ಕೊರೆಯುತ್ತಿತ್ತು. ಒಳಗೆ ಚಹಾದ ಪರಿಮಳ. ಮೂವತ್ತು ವರ್ಷದಲ್ಲಿ ಮೊದಲ ಸಲ, ಗೇಟಿನ ಆಚೆ ನಿಂತವರ ಪಾಡು ಹೇಗಿರುತ್ತದೆಂದು ನನಗೆ ತಿಳಿಯಿತು.

ಬುರುಲ್ ಪಕ್ಕಕ್ಕೆ ಸರಿದಳು.

“ಬನ್ನಿ. ಈ ಸಲಕ್ಕೆ ಮಾತ್ರ.”