ಇಲ್ಲೇ ಅಂದ್ರ ಎಷ್ಟು?

ನನ್ನ ಸೋದರಮಾವನ ಎದುರು ನೀವು ಏನು ಬೇಕಾದರೂ ಮಾತಾಡಿ. ಅವನ ಮೀಸೆಯನ್ನು ಆಡಿಕೊಳ್ಳಿ, ಅವನ ಹೊಲದ ಅರಿಶಿನ ಈ ಸಲ ಸೊರಗಿದೆ ಅನ್ನಿ, ಅವನ ಮನೆಯ ಕಾಫಿ ಬರೀ ನೀರು ಅನ್ನಿ, ನಕ್ಕು ಸುಮ್ಮನಾಗುತ್ತಾನೆ. ಆದರೆ ದಯವಿಟ್ಟು "ಇಲ್ಲೇ" ಅನ್ನುವ ಪದವನ್ನು ಮಾತ್ರ ಬಾಯಿಂದ ಬಿಡಬೇಡಿ! ಬಿಟ್ಟಿರೋ, ಮುಗಿಯಿತು. ಅಂಗಿ ಜೇಬಿನಿಂದ ಆರಿಂಚಿನ ಸ್ಟೀಲ್ ಸ್ಕೇಲು ಹೊರಗೆ ಬರುತ್ತದೆ. ಹುಬ್ಬು ಮೇಲೇರುತ್ತದೆ. "ಇಲ್ಲೇ ಅಂದ್ರ ಎಷ್ಟು?" ಅನ್ನುತ್ತಾನೆ. ನೀವು ಉತ್ತರ ಕೊಡುವ ತನಕ ನಿಮ್ಮನ್ನು ಬಿಡುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ಪದವಿಲ್ಲದೆ ಬದುಕುವುದು ಸಾಧ್ಯವೇ ಹೇಳಿ? ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾರನ್ನಾದರೂ ದಾರಿ ಕೇಳಿ. ಪಕ್ಕದ ಬೀದಿಯೂ ಇಲ್ಲೇ, ಹನೂರೂ ಇಲ್ಲೇ, ಗಂಟೆಗಟ್ಟಲೆ ಬಸ್ಸಿನಲ್ಲಿ ಕೂರಬೇಕಾದ ಮಾದಪ್ಪನ ಬೆಟ್ಟವೂ ಇಲ್ಲೇ! ಕೇಳಿದವರ ಕಾಲಿಗೆ ನೋವಾಗದಿರಲಿ ಎಂಬ ಕರುಣೆಯಿಂದಲೇ ನಮ್ಮವರು ಹಾಗೆ ಹೇಳುತ್ತಾರೆಂದು ನನ್ನ ನಂಬಿಕೆ. ಮಾವನ ಪ್ರಕಾರ ಅದು ಕರುಣೆಯಲ್ಲ, ರೋಗ.

ಈ ಹುಚ್ಚು ಅವನಿಗೆ ಹತ್ತಿದ್ದು ಹೈಸ್ಕೂಲಿನಲ್ಲಂತೆ. ಭೂಗೋಳದ ಮೇಷ್ಟ್ರು ಕಪ್ಪು ಹಲಗೆಗೆ ನಕ್ಷೆ ನೇತುಹಾಕಿ, "ಸ್ಕೇಲು ಗೊತ್ತಿದ್ದರೆ ಕೂತ ಕಡೆಯಲ್ಲೇ ಲೋಕ ಅಳೆಯಬಹುದು" ಅಂದರಂತೆ. ಮಿಕ್ಕ ಹುಡುಗರು ಪರೀಕ್ಷೆ ಮುಗಿದ ಮಾರನೆಯ ದಿನವೇ ಅದನ್ನು ಮರೆತರು. ಇವನು ಅಳೆಯುತ್ತಾ ಕೂತುಬಿಟ್ಟ! ಧನಗೆರೆಯ ಅವನ ಮನೆಯ ಪಡಸಾಲೆಯಲ್ಲಿ ಇವತ್ತಿಗೂ ಹಳೆಯ ಕೊಳ್ಳೇಗಾಲ ತಾಲ್ಲೂಕಿನ ನಕ್ಷೆಯೊಂದು ತೂಗುತ್ತಿದೆ. ಅದರ ಕೆಳಮೂಲೆಯಲ್ಲಿ "ಇಷ್ಟು ಇಂಚಿಗೆ ಇಷ್ಟು ಮೈಲಿ" ಎಂಬ ಸಾಲಿದೆ. ಅದರ ಮೇಲೆ ಬೆರಳಾಡಿಸಿ ಆಡಿಸಿ ಕಾಗದ ಸವೆದಿದೆ.

"ಮಾವ, ಹನೂರು ಬೇರೆ ತಾಲ್ಲೂಕಾಯ್ತು. ಈ ನಕ್ಷೆ ಹಳೇದು" ಅಂದೆ ಒಂದು ಸಲ.

"ಆಗ್ಲಿ ಬುಡು. ಅಂಗಂತ ದೂರ ಎಚ್ಚಾಗೋಯ್ತಾ?"

ಫೋನಿನಲ್ಲಿ ನಕ್ಷೆ ತೆರೆದು ತೋರಿಸಿದೆ. ಗಾಜಿನ ಮೇಲೆ ಸ್ಕೇಲು ಇಟ್ಟ. ಬೆರಳು ತಾಗಿ ಯಳಂದೂರು ಸರ್ರನೆ ಜಾರಿ ತಮಿಳುನಾಡು ಬಂದು ನಿಂತಿತು. "ನಿಂತ ಕಡೆ ನಿಲ್ಲದಿರೋ ಊರ್ನ ಏನಮ್ಮಿ ಅಳೆಯಾದು?" ಎಂದು ಫೋನನ್ನು ವಾಪಸ್ ಕೊಟ್ಟ.

ಅವನ ಸ್ಕೇಲಿಗೆ ಮೊದಲ ಪೆಟ್ಟು ಬಿದ್ದದ್ದು ಹೂಗ್ಯಂ ದಾರಿಯಲ್ಲಿ. ಅಲ್ಲಿ ದೂರದ ನೆಂಟರ ಮನೆಯಲ್ಲಿ ನಾಮಕರಣ. ಮಾವ ಹಿಂದಿನ ದಿನವೇ ನಕ್ಷೆಯಲ್ಲಿ ಹನೂರಿಗೂ ಹೂಗ್ಯಂಗೂ ನಡುವೆ ಸ್ಕೇಲು ಇಟ್ಟು, ಲೆಕ್ಕ ಹಾಕಿ, "ಅನ್ನೊಂದು ಗಂಟ್ಗೆ ತೊಟ್ಲ ಮುಂದ ಇರ್ತೀವಿ" ಎಂದು ಸಾರಿದ್ದ. ಹನ್ನೊಂದಾಯಿತು, ಹನ್ನೆರಡಾಯಿತು. ಬಸ್ಸು ಕಾಡಂಚಿನ ಗುಡ್ಡಗಳನ್ನು ಸುತ್ತುತ್ತಲೇ ಇದೆ! ಮಾವ ಎದ್ದು ಹೋಗಿ ಕಂಡಕ್ಟರನ ಮುಂದೆ ನಿಂತ.

"ನಿಮ್ಮ ಡ್ರೈವರ್ರು ತಪ್ಪು ದಾರೀಲಿ ಓಯ್ತಾವ್ರೆ."

"ಯಜಮಾನ್ರೇ, ರೋಡ್ನ ಸ್ಕೇಲಿಟ್ಟು ಎಳ್ದಿಲ್ಲ ಕಣ್ರಿ. ಗುಡ್ಡ ಎಲ್ಲಿ ಬುಡ್ತೋ ಅಲ್ಲಿ ಓಗ್ಯದೆ!"

ನಾವು ತಲುಪಿದಾಗ ಮಗು ಹೆಸರಿಟ್ಟುಕೊಂಡು, ಹಾಲು ಕುಡಿದು ಮಲಗಿತ್ತು. ಮಾವ ಮೂರು ದಿನ ಮಂಕಾಗಿದ್ದ. ಆಗ ಅವನನ್ನು ಕಾಪಾಡಿದವಳು ನನ್ನ ಅಮ್ಮ, ಅವನ ಒಬ್ಬಳೇ ತಂಗಿ. ಹೂ ಕಟ್ಟುವ ದಾರದ ಉಂಡೆ ತಂದು ನಕ್ಷೆಯ ಮುಂದೆ ನಿಂತಳು. "ಅಣ್ಣಾ, ರೋಡು ಡೊಂಕು ಅದೆ, ನಿನ್ನ ಸ್ಕೇಲು ನೆಟ್ಟಗೆ ಅದೆ. ಮದ್ಲು ರೋಡ್ನ ಮ್ಯಾಲೆ ದಾರ ಇಡು. ಆಮೇಲೆ ದಾರನ ಅಳಿ" ಅಂದಳು. ಎಷ್ಟು ಸಲೀಸು! ಅಂದಿನಿಂದ ಅಳತೆ ಅಂದರೆ ಇಬ್ಬರ ಕೆಲಸವಾಯಿತು. ದಾರದ ಒಂದು ತುದಿ ಮಾವನ ಉಗುರಿನ ಕೆಳಗೆ, ಇನ್ನೊಂದು ತುದಿ ಅಮ್ಮನ ಬೆರಳಲ್ಲಿ. ಅಳೆಯುವಾಗ ಅಮ್ಮ ಬೇಕೆಂತಲೇ, "ಹೂಗ್ಯಂ ಇಲ್ಲೇ ಅಲ್ವಾ ಅಣ್ಣ?" ಅನ್ನುವಳು. ಅವನು ಸಿಡುಕುವನು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುವಳು.

ಯಳಂದೂರಿನ ಮದುವೆಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಲಗ್ನಪತ್ರಿಕೆಯ ಹಿಂದೆ ಛತ್ರಕ್ಕೆ ಹೋಗುವ ದಾರಿಯ ನಕ್ಷೆ ಅಚ್ಚು ಹಾಕಿಸಿದ್ದರು. ನಾವೆಲ್ಲ ಪತ್ರಿಕೆಯ ಮುಂಬದಿಯಲ್ಲಿ ಹುಡುಗನ ಓದು ನೋಡಿದೆವು. ಮಾವ ಹಿಂಬದಿಗೆ ಸ್ಕೇಲು ಇಟ್ಟ. ಕೊಳ್ಳೇಗಾಲದಿಂದ ಯಳಂದೂರಿಗೆ ಒಂದಿಂಚು. ಯಳಂದೂರು ಬಸ್ ಸ್ಟ್ಯಾಂಡಿನಿಂದ ಛತ್ರಕ್ಕೂ ಒಂದಿಂಚು! ಮದುವೆಯ ದಿನ ಮಾವ ಸೀದಾ ಧಾರೆಯ ಹೊತ್ತಿಗೆ ಹೆಣ್ಣಿನ ತಂದೆಯ ಕಿವಿಯ ಬಳಿ ಬಗ್ಗಿದ. ಪಾಪ, ಅವರು ಕೈಯಲ್ಲಿ ತಂಬಿಗೆ ಹಿಡಿದು ನಿಂತಿದ್ದಾರೆ.

"ಸ್ಕೇಲಿಲ್ಲದ ನಕ್ಷೆ ಯಾಕ್ರೀ ಅಚ್ಚಾಕ್ಸುದ್ರಿ? ನಿಮ್ಮ ಲೆಕ್ಕದಲ್ಲಿ ಈ ಛತ್ರ ಚಾಮರಾಜನಗರದ ತಾವ ಇರ್ಬೇಕು!"

ಹೆಣ್ಣಿನ ತಂದೆಗೆ ಏನು ಕೇಳಿಸಿತೋ, "ಊಟ ಮಾಡ್ಕಂಡೇ ಓಗ್ಬೇಕು" ಅಂದರು.

ಹೀಗೆ ನಾವು ನಗುತ್ತಾ ಇದ್ದೆವು. ಆಮೇಲೆ ಒಂದು ದಿನ ಅಮ್ಮ ಬಚ್ಚಲ ಹೊಸ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೈಸೂರಿನಲ್ಲಿ ಆಪರೇಶನ್ ಆಯಿತು. ಡಾಕ್ಟರು ವಾಕರ್ ಕೊಟ್ಟು ಮೆಲ್ಲಗೆ ನಡೆಸಿ ಅಂದರು. ಅಮ್ಮನ ನಗು ಆಸ್ಪತ್ರೆಯಲ್ಲೇ ಉಳಿಯಿತು. ಮನಸ್ಸಿನಲ್ಲಿದ್ದುದನ್ನು ಮಾವನ ಹತ್ತಿರ ಮಾತ್ರ ಹೇಳಿದಳು. "ಅಣ್ಣಾ, ನಾನು ಯಾರ ಕೈಯೂ ಇಡ್ಕಳ್ದೆ ಬಚ್ಚಲಿಗೆ ಓಗಿ ಬರಂಗಾದ್ರ ಸಾಕು. ಇನ್ನೇನೂ ಬ್ಯಾಡ." ಮಾವ ಜೇಬಿನಿಂದ ಸ್ಕೇಲು ತೆಗೆದು ವಾಕರಿನ ಅಗಲ ಅಳೆದುಕೊಂಡನಂತೆ. ಎರಡು ಅಡಿ ಒಂದು ಇಂಚು.

ಆಗ ನಾವು ಕೊಳ್ಳೇಗಾಲದಲ್ಲಿ ಮನೆ ಕಟ್ಟಿಸುತ್ತಿದ್ದೆವು. ಗೋಡೆಗಳು ಎದ್ದಿದ್ದವು. ಅಮ್ಮನಿಗೂ ಒಂದು ಕೋಣೆ, ಅದಕ್ಕೆ ಸೇರಿದಂತೆ ಬಚ್ಚಲು. ಮಾವ ಪ್ಲಾನು ಬೇಕೆಂದ. ಎಂಜಿನಿಯರು ಫೋನಿಗೆ ಕಳಿಸಿದ್ದನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟೆ. ಮಾರನೆಯ ದಿನ ಮೊದಲ ಬಸ್ಸಿಗೇ ಮಾವ ಹಾಜರ್! ಮುಖ ಕೆಂಡ.

"ಐದಡಿಗೆ ಆರಡಿ ರೂಮು! ನನ್ನ ತಂಗಿ ಏನು ಕರುವಾ, ಮೂಲೇಲಿ ಕಟ್ಟಾಕಕ್ಕೆ?"

ನಾನು ಬೆವತುಹೋದೆ. ಪ್ಲಾನಿನಲ್ಲಿ "ಒಂದಿಂಚಿಗೆ ಎರಡಡಿ" ಎಂದು ಬರೆದಿತ್ತು, ಮಾವನ ಅಳತೆಯೂ ಸರಿಯಾಗಿತ್ತು. ಎಂಜಿನಿಯರನ್ನು ಕರೆಸಿದೆ. ಅವನು ಕಾಗದ ನೋಡಿ ನಕ್ಕ. "ದೊಡ್ಡ ಹಾಳೆಯ ಪ್ಲಾನನ್ನು ಅಂಗಡಿಯವರು ಸಣ್ಣ ಹಾಳೆಗೆ ಕುಗ್ಗಿಸಿದ್ದಾರೆ ಯಜಮಾನ್ರೇ. ಚಿತ್ರ ಕುಗ್ಗಿತು, ಬರೆದ ಸ್ಕೇಲು ಹಾಗೇ ಉಳಿಯಿತು. ರೂಮು ಹತ್ತಕ್ಕೆ ಹನ್ನೆರಡು ಇದೆ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಪೆಚ್ಚಾಗಿ ಮನೆಗೆ ಹೋಗುತ್ತಿದ್ದರು. ಮಾವ ಕಾಗದವನ್ನು ಮರಳಿನ ಗುಡ್ಡೆಯ ಮೇಲೆ ಹರಡಿದ. ನಿವೇಶನದ ಮುಂಭಾಗ ಮೂವತ್ತು ಅಡಿ ಎಂದು ಬರೆದ ಗೆರೆಯನ್ನು ಅಳೆದ. ಏಳೂವರೆ ಇಂಚು. "ಅಂಗಾದ್ರ ಈ ಕಾಗದ್ದಲ್ಲಿ ಒಂದಿಂಚಿಗೆ ನಾಕಡಿ" ಎಂದು ಗೊಣಗಿ ಮತ್ತೆ ಮೊದಲಿಂದ ಶುರು ಮಾಡಿದ. ಕೋಣೆ ಸರಿ ಬಂತು. ಕಿಟಕಿ ಸರಿ ಬಂತು. ಬಚ್ಚಲ ಬಾಗಿಲಿಗೆ ಬಂದವನು ಸ್ಕೇಲನ್ನು ಕಣ್ಣಿನ ಹತ್ತಿರ ತಂದ. ಅರ್ಧ ಇಂಚಿಗಿಂತ ಚೂರು ಹೆಚ್ಚು. ಎರಡೂವರೆ ಅಡಿ. ಅದರಲ್ಲಿ ಬಾಗಿಲ ಚೌಕಟ್ಟಿನ ಮರ ಆ ಕಡೆ ಮೂರಿಂಚು, ಈ ಕಡೆ ಮೂರಿಂಚು ಕಳೆದ.

"ಎಲ್ಡಡಿ ಉಳೀತು. ವಾಕರ್ರು ಎಲ್ಡಡಿ ಒಂದಿಂಚು. ನನ್ನ ತಂಗಿ ಬಾಗ್ಲಲ್ಲೇ ನಿಂತ್ಕಬೇಕಾ?"

"ಒಂದೇ ಇಂಚು ತಾನೇ ಯಜಮಾನ್ರೇ" ಅಂದ ಎಂಜಿನಿಯರು.

ಅಯ್ಯೋ, ಯಾರ ಮುಂದೆ ಎಂಥ ಮಾತು!

"ಒಂದೇ ಇಂಚಾ? ನಮ್ಮನೆ ನಕ್ಷೇಲಿ ಒಂದಿಂಚು ಅಂದ್ರ ಎಷ್ಟು ಊರು ಬತ್ತವೆ ಗೊತ್ತಾ ಸಾ?"

ಗೋಡೆ ಎದ್ದಿದೆ, ಚೌಕಟ್ಟು ಕೂರಿಸಿ ಆಗಿದೆ, ಈಗ ಒಡೆಯುವುದು ಕಷ್ಟ, ಅಮ್ಮ ವಾಕರನ್ನು ಅಡ್ಡ ತಿರುಗಿಸಿಕೊಂಡು ಒಳಗೆ ಹೋಗಬಹುದು ಎಂದು ಎಂಜಿನಿಯರು ವಿವರಿಸಿದ. ಮಾವ ಪೂರ್ತಿ ಕೇಳಿಸಿಕೊಂಡ. ನನ್ನನ್ನು ಮನೆಗೆ ಅಟ್ಟಿ ಅಮ್ಮನ ವಾಕರ್ ತರಿಸಿದ. ಅದನ್ನು ಎಂಜಿನಿಯರ ಕೈಗೆ ಕೊಟ್ಟು, "ಬಲಗಾಲು ನೆಲಕ್ಕೆ ಊರ್ಬೇಡಿ. ಅಡ್ಡಕ್ಕೆ ತಿರುಗಿಸ್ಕಂಡು ಒಳಕ್ಕೋಗಿ ಸಾ, ನೋಡ್ಮ" ಅಂದ. ಪಾಪ, ಅವನು ಒಂಟಿಕಾಲಲ್ಲಿ ನಿಂತು ವಾಕರ್ ತಿರುಗಿಸಿದ. ಅದರ ಕಾಲು ಚೌಕಟ್ಟಿಗೆ ಸಿಕ್ಕಿತು, ಇವನ ಮೊಣಕೈ ಗೋಡೆಗೆ ಬಡಿಯಿತು. ಬೀಳುವಷ್ಟರಲ್ಲಿ ಗಾರೆಯವನು ಹಿಡಿದುಕೊಂಡ. ಮಾವ ನಗಲಿಲ್ಲ.

"ನೀವು ಗಟ್ಟಿಮುಟ್ಟಾಗಿದ್ದೀರಿ. ಅವ್ಳು ಅಂಗಿಲ್ಲ. ಅವ್ಳು ಒಂದ್ಸಲ ಬಿದ್ದವ್ಳೆ."

ಇಷ್ಟು ಹೇಳಿ ಇಟ್ಟಿಗೆ ರಾಶಿಯ ಮೇಲೆ ಕೂತ. ಹೊಡೆದಾಡಲಿಲ್ಲ, ಕೂಗಾಡಲಿಲ್ಲ. ಮಧ್ಯಾಹ್ನ ನಾನು ಮುದ್ದೆ ಸಾರು ತಂದೆ, ಅಲ್ಲೇ ಉಂಡ. ಸಂಜೆ ಬಸ್ಸಿಗೆ ಹೋದವನು ಮಾರನೆಯ ಬೆಳಿಗ್ಗೆ ಮತ್ತೆ ಬಂದು ಅದೇ ಇಟ್ಟಿಗೆಯ ಮೇಲೆ ಕೂತ. ಮೂರನೆಯ ದಿನ ಎಂಜಿನಿಯರೇ ಗಾರೆಯವನ ಕೈಗೆ ಸುತ್ತಿಗೆ ಕೊಟ್ಟ. ಚೌಕಟ್ಟು ಬಿಚ್ಚಿದರು, ಗೋಡೆ ಒಡೆದರು, ಬಾಗಿಲನ್ನು ಮೂರಡಿಗೆ ಅಗಲಿಸಿದರು. ಮಾವ ಹೊಸ್ತಿಲನ್ನೂ ತೆಗೆಸಿದ. ಹೋಗುವಾಗ ಎಂಜಿನಿಯರು, "ಮುಂದಿನ ಪ್ಲಾನು ನಿಮ್ಮ ಕೈಲಿ ಒಂದ್ಸಲ ನೋಡಿಸ್ತೀನಿ" ಅಂದ. ಮಾವ ಗಂಭೀರವಾಗಿ, "ದೊಡ್ಡ ಹಾಳೇಲಿ ತನ್ನಿ" ಅಂದ.

ನಾವು ಹೊಸ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅಮ್ಮ ತಾನೇ ನಡೆದು ನೋಡುತ್ತೇನೆ ಅಂದಳು. ಹಿಡಿಯಲು ಹೋದ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು. ಮಾವ ಬಚ್ಚಲ ಬಾಗಿಲಲ್ಲಿ ಹೋಗಿ ನಿಂತ. ಮಂಚದಿಂದ ಅಲ್ಲಿಗೆ ಹನ್ನೊಂದು ಅಡಿ. ಆ ಅಳತೆಯನ್ನು ಅವನು ಪ್ಲಾನಿನಲ್ಲೂ ಹಾಕಿದ್ದ, ನೆಲದ ಮೇಲೂ ಹಾಕಿದ್ದ. ಅಮ್ಮ ವಾಕರ್ ಮುಂದಿಟ್ಟಳು, ಕಾಲು ಎಳೆದಳು, ಮತ್ತೆ ಇಟ್ಟಳು. ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಹಣೆಯಲ್ಲಿ ಬೆವರು. ನನಗೆ ಓಡಿಹೋಗಿ ಹಿಡಿದುಕೊಳ್ಳಬೇಕು ಅನ್ನಿಸಿತು. ಹೆದರಿಕೆಯಿಂದ ಅಳು ಬಂತು.

"ಅಣ್ಣಾ, ಇನ್ನೂ ಎಷ್ಟು ದೂರ?"

ಮಾವನ ಕೈ ಜೇಬಿಗೆ ಹೋಯಿತು. ಐದೂವರೆ ಅಡಿ ಅನ್ನುತ್ತಾನೆ ಎಂದುಕೊಂಡೆ. ಕೈ ಬರಿದಾಗಿಯೇ ಹೊರಗೆ ಬಂತು.

"ಇಲ್ಲೇ ಕಣವ್ವ" ಅಂದ.

ಅಮ್ಮ ತಲೆ ಎತ್ತಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಆ ಹಳೆಯ ತುಂಟತನ ಕಂಡೆ.

"ಇಲ್ಲೇ ಅಂದ್ರ ಎಷ್ಟಣ್ಣ?"

ಮಾವ ಎರಡೂ ಕೈ ಮುಂದಕ್ಕೆ ಚಾಚಿದ.

"ನಾನು ನಿಂತಿವ್ನಲ್ಲವ್ವ, ಇಲ್ಲೀಗಂಟ. ಬಾ."

ಅಮ್ಮ ವಾಕರನ್ನು ಎತ್ತಿ ಮುಂದಿಟ್ಟಳು.