ಬ್ಯಾಗೆಟ್ಟಿನ ತುದಿ

ಬಿಸಿ ಬ್ಯಾಗೆಟ್ಟನ್ನು ಅಂಗಡಿಯಿಂದ ಮನೆಯವರೆಗೆ ಇಡಿಯಾಗಿ ತಲುಪಿಸುವ ಮನುಷ್ಯನ ಮೇಲೆ ನನಗೆ ಗೌರವವಿದೆ, ನಂಬಿಕೆಯಿಲ್ಲ. ಒಂದೂವರೆ ಮೊಳದ ಆ ಫ್ರೆಂಚ್ ಬ್ರೆಡ್ಡಿಗೆ ಅಂಗಡಿಯವರು ಕೊಡುವ ಕಾಗದದ ಚೀಲ ಯಾವಾಗಲೂ ಒಂದು ಗೇಣು ಗಿಡ್ಡ. ಸ್ವೀಡನ್ನಿನ ಮೋಲ್ನ್‌ಡಾಲ್‌ನ ಚಳಿಯಲ್ಲಿ ಆ ಗರಿಗರಿ ತುದಿ ಮೂಗಿನ ಕೆಳಗೇ ಹಬೆಯಾಡುತ್ತಿದ್ದರೆ ಏನು ಮಾಡುವುದು? ನಮ್ಮ ಲ್ಯಾಬಿನ ಫ್ರೆಂಚ್ ಗೆಳತಿಯ ಪ್ರಕಾರ, ಅವರೂರಿನಲ್ಲಿ ತುದಿ ಕಚ್ಚುತ್ತಾ ಮನೆಗೆ ನಡೆಯುವುದು ತಪ್ಪಲ್ಲ, ಹೊತ್ತು ತಂದವರ ಕೂಲಿ.

ಈ ನ್ಯಾಯ ಕುಂದಾಪುರದಿಂದ ಬಂದಿಳಿದ ನಮ್ಮ ಅತ್ತೆಯ ಮುಂದೆ ನಡೆಯುವುದಿಲ್ಲ. ಇಲ್ಲಿಗೆ ಬಂದ ಮೇಲೆ ಅವರಿಗೆ ಯಾವುದೂ ರುಚಿಸದೆ ನನ್ನ ಹೆಂಡತಿ ವೀಣಾ ಕಂಗಾಲಾಗಿದ್ದಳು. ಕೊನೆಗೆ ಬ್ಯಾಗೆಟ್ಟನ್ನು ಸೀಳಿ, ತುಪ್ಪ ಸವರಿ, ಚಟ್ನಿಪುಡಿ ಉದುರಿಸಿ ಕೊಟ್ಟಾಗ ‘ಇದಾದ್ರೆ ಅಡ್ಡಿಲ್ಲ’ ಎಂದರು. ಅಂದಿನಿಂದ ಅತ್ತೆಯ ಹೊಟ್ಟೆ ನನ್ನ ಜವಾಬ್ದಾರಿ. ಆದರೂ ಕಳೆದ ಶನಿವಾರ ದಾರಿಯಲ್ಲಿ ಕಚ್ಚಿಬಿಟ್ಟೆ. ಯೋಚಿಸುವ ಮೊದಲೇ ಕಚ್ಚಿದ್ದರಿಂದ ಉಳಿದ ದಾರಿಯಿಡೀ ಯೋಚಿಸಿದೆ. ಒಂದು ತುದಿ ಕಚ್ಚಿದರೆ ಎಂಜಲು ಎಲ್ಲಿಯವರೆಗೆ ಹರಡುತ್ತದೆ? ಎರಡು ಅಂಗುಲ ಕತ್ತರಿಸಿದರೆ ಸಾಕೇ? ಔಷಧಿಗಳ ಶುದ್ಧತೆ ಪರೀಕ್ಷಿಸುವುದೇ ನನ್ನ ಉದ್ಯೋಗ, ಉತ್ತರ ಹೊಳೆಯಲಿಲ್ಲ.

ಅತ್ತೆಗೆ ಹೊಳೆಯಿತು. ಅಳಿಯಂದಿರ ಹಲ್ಲು ಗಟ್ಟಿಯಿದೆ ಎಂದಷ್ಟೇ ಹೇಳಿ, ತಟ್ಟೆ ಸರಿಸಿ, ಬರೀ ಮಜ್ಜಿಗೆ ಕುಡಿದು ಎದ್ದರು. ವೀಣಾ ಆ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು.

ಈ ಶನಿವಾರ ಅತ್ತೆ ತಾವೇ ಕಾವಲಿಗೆ ಹೊರಟರು, ಸೀರೆಯ ಮೇಲೆ ಮಗಳ ದಪ್ಪ ಜಾಕೆಟ್ಟು ತೊಟ್ಟು. ಬ್ಯಾಗೆಟ್ಟನ್ನು ನನ್ನ ಕೈಗೆ ಕೊಡದೆ ಎದೆಗವಚಿಕೊಂಡು ನಡೆದರು. ಹಿಮದಲ್ಲಿ ಅವರು ಜಾರಿಬಿದ್ದರೆ ಮೊದಲು ಯಾರಿಗೆ ಫೋನು ಮಾಡುವುದೆಂದು ಚಿಂತಿಸುತ್ತಾ ನಾನು ಹಿಂದೆ ಹಿಂದೆ. ಬಸ್‌ಸ್ಟಾಪಿನಲ್ಲಿ ಕೈಗವಸು ಕಳಚಿದರು. ಟಕ್ಕೆಂದು ಸದ್ದಾಯಿತು. ಬೀದಿಯಲ್ಲಿ ತಿನ್ನುವವರನ್ನು ಕಂಡರೆ ಮುಖ ತಿರುಗಿಸುವ ಅತ್ತೆ ಕಣ್ಣು ಮುಚ್ಚಿ ಅಗಿಯುತ್ತಿದ್ದರು.

‘ಕೈಯಲ್ಲಿ ಮುರಿದ್ರೆ ಎಂಜಲಲ್ಲ,’ ಎಂದರು, ನನ್ನ ಕಡೆ ನೋಡದೆ.

ಬಸ್ಸು ಬರುವಷ್ಟರಲ್ಲಿ ಇನ್ನೊಂದು ತುದಿಯೂ ಹೋಯಿತು.

ಎರಡೂ ಕಡೆ ಬೋಳಾದ ಬ್ಯಾಗೆಟ್ಟನ್ನು ನೋಡಿದ ವೀಣಾ ಆಮೇಲೆ ನನ್ನನ್ನು ನೋಡಿದಳು. ‘ಇವತ್ತೂನಾ? ಅದೂ ಅಮ್ಮನ ಎದುರಿಗೇ? ಈಗ ಅವಳೇನು ತಿನ್ಬೇಕು?’

ಅತ್ತೆ ಕಿಟಕಿಯಾಚೆಯ ಹಿಮವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಜಾಕೆಟ್ಟಿನ ತುಂಬ ಬ್ರೆಡ್ಡಿನ ಪುಡಿ.

‘ಹಸಿವಾಗಿತ್ತು,’ ಎಂದೆ ನಾನು.

‘ಹೋಗ್ಲಿ ಬಿಡೇ,’ ಅತ್ತೆ ದೊಡ್ಡ ಮನಸ್ಸು ಮಾಡಿದರು. ‘ನಡುವಿನದ್ದು ಹಾಕು, ತಿಂತೇನೆ. ಅಳಿಯಂದಿರು ನಿಧಾನಕ್ಕೆ ಕಲೀತಾರೆ.’

ಐವತ್ತು ದಾಟಿದ ನಾನು, ಕಲಿಯುತ್ತೇನೆಂದು ತಲೆಯಾಡಿಸಿದೆ.